ತೋನ್ಸೆಪಾರಿಗೆ ಹೋಗಿ ಬಂದ ಮೇಲೆ

ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ ಹಳೆವಿದ್ಯಾರ್ಥಿನಿಯರು ಸಾಧಾರಣವಾಗಿ ಮಾಡುವುದೇನೆಂದರೆ, ನೆನಪಿನ ಪೆಟ್ಟಿಗೆಯ ಮುಚ್ಚಳವನ್ನು ತೆರೆಯುವುದು. ಹೊಲಿಗೆಯ ತರಗತಿ, ಮಧ್ಯಾಹ್ನದ ಘಂಟೆ, ಗೇಟಿನ ಬಳಿ ನೆಲ್ಲಿಕಾಯಿ ಮಾರುತ್ತಿದ್ದ ಅಜ್ಜಿ, ಇವುಗಳ ವಿಷಯವಾಗಿ ನಮಗಿಂತ ಸೊಗಸಾಗಿ ಬರೆಯಬಲ್ಲ ಸೋದರಿಯರು ಬರೆದೇ ಇರುವರೆಂದು ನಂಬಿ, ನಾವು ಮೊನ್ನೆಯ ಒಂದು ಸಂಗತಿಯನ್ನು ಹೇಳಿ, ಅದರಿಂದ ನಮ್ಮ ಮನಸ್ಸಿನಲ್ಲಿ ಹುಟ್ಟಿದ ಒಂದು ಅಭಿಪ್ರಾಯವನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ. ಅಭಿಪ್ರಾಯವು ಕೆಲವು ತಾಯಿತಂದೆಗಳಿಗೆ ರುಚಿಸಲಾರದು. ಆದರೆ ಎಲ್ಲರಿಗೂ ರುಚಿಸುವುದನ್ನು ಮಾತ್ರ ಬರೆಯುವುದಾದರೆ ಕಾಗದದ ಬೆಲೆಯಾದರೂ ಉಳಿಯಲೆಂದು ಸುಮ್ಮನಿರುವುದೇ ಲೇಸು.

ಕ್ರಿಸ್ಮಸ್ ರಜೆಯಲ್ಲಿ ನಮ್ಮ ನಾದಿನಿಯವರು ಮಗನೊಂದಿಗೆ ಬೆಂಗಳೂರಿನಿಂದ ಬಂದಿದ್ದರು. ಊರಿಗೆ ಬಂದವರಿಗೆ ಕಡಲನ್ನು ತೋರಿಸದೆ ಕಳುಹಿಸಬಾರದಷ್ಟೆ. ಮಲ್ಪೆಯ ಮರಳಿನ ಮೇಲೆ ಎಷ್ಟು ಸಲ ನಡೆದಾಯಿತು, ಈ ಸಲ ದೋಣಿ ಹತ್ತಿ ದ್ವೀಪಕ್ಕೇ ಹೋಗೋಣವೆಂದು ಮಕ್ಕಳು ಹಟ ಹಿಡಿದರು. ಅತ್ತೆಯವರು, ನಾದಿನಿ, ಓರಗಿತ್ತಿ, ನಾವು, ನಮ್ಮ ಹಿರಿಮಗಳು, ಹೀಗೆ ಹೆಂಗಸರು ಐವರು. ಯಜಮಾನರು, ಮೈದುನ, ನಾದಿನಿಯ ಮಗ ಮತ್ತು ಹನ್ನೊಂದು ವರ್ಷದ ನಮ್ಮ ಕಿರಿಮಗಳು. ಒಟ್ಟು ಒಂಬತ್ತು ಮಂದಿ ಹೊರಡುವುದೆಂದು ನಿಶ್ಚಯವಾಯಿತು.

ಮನೆಯವರೆಲ್ಲರ ವಿಹಾರವೆಂದರೆ ಮನೆಯ ಹೆಂಗಸರಿಗೆ ಬೆಳಗಿನ ಜಾವ ನಾಲ್ಕು ಘಂಟೆಗೆ ಆರಂಭವಾಗುವ ಒಂದು ಕಾರ್ಯವೆಂಬುದು ವಾಚಕಿಯರಿಗೆ ಗೊತ್ತಿಲ್ಲದ್ದಲ್ಲ. ನೀರುದೋಸೆ ಒಂದು ಪಾತ್ರೆ, ಚಟ್ನಿ ಒಂದು ಡಬ್ಬಿ, ಕೋಳಿ ಸುಕ್ಕ ಬೇರೆ, ಅತ್ತೆಯವರಿಗೆ ಮೆತ್ತಗಿನ ಇಡ್ಲಿ ಬೇರೆ, ಮಕ್ಕಳಿಗೆ ಚಕ್ಕುಲಿ, ನೀರಿನ ಬಾಟ್ಲಿಗಳು, ಹಾಸಲು ಜಮಖಾನೆ. ದ್ವೀಪಕ್ಕೆ ಕಾಲಿಡುವ ಮೊದಲೇ ನಮ್ಮ ಸೊಂಟವು ದ್ವೀಪವನ್ನು ಸಾಕೆಂದಿತ್ತು. ಹೋಗಿದ್ದು ಗಂಡಸರ ವಿಹಾರಕ್ಕೋ ಡಬ್ಬಿಗಳ ವಿಹಾರಕ್ಕೋ ಎಂಬ ಪ್ರಶ್ನೆಯನ್ನು ಬೇರೆ ಲೇಖನಕ್ಕೆ ಬಿಡುತ್ತೇವೆ.

ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿಗಳನ್ನೂ ಬಲೆ ತಿದ್ದುತ್ತ ಕುಳಿತವರನ್ನೂ ದಾಟಿ ಬೋಟು ಹತ್ತಿದೆವು. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳನ್ನು ಕೊಟ್ಟರು. ಇಲ್ಲಿ ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳತಕ್ಕದ್ದು. ಅತ್ತೆಯವರು ಅದರ ವಾಸನೆ ತಡೆಯಲಾರದೆ ತೊಡೆಯ ಮೇಲಿಟ್ಟುಕೊಂಡರು. ನಾದಿನಿಯವರು ಸೀರೆಯ ನೆರಿಗೆ ಕೆಡುವುದೆಂದೂ ಫೋಟೋದಲ್ಲಿ ಚಂದ ಕಾಣುವುದಿಲ್ಲವೆಂದೂ ಹೆಗಲಿಗೆ ತೂಗುಹಾಕಿದರು. ನಾವು ತೊಟ್ಟುಕೊಂಡೆವು, ಆದರೆ ಪಟ್ಟಿಯನ್ನು ಬಿಗಿಯಲಿಲ್ಲ. ಬೋಟಿನ ಹುಡುಗನೊಬ್ಬನು, ಇಪ್ಪತ್ತರ ಒಳಗಿನವನು, ಬಂದು ನೋಡಿ, "ಅಕ್ಕ, ಪಟ್ಟಿ ಹಾಕದಿದ್ದರೆ ಇದು ಅಂಗಿಯೂ ಅಲ್ಲ, ಜಾಕೆಟ್ಟೂ ಅಲ್ಲ ಮಾರಾಯ್ರೆ, ನೀರಿಗೆ ಬಿದ್ದ ಕೂಡಲೆ ತಲೆಯಿಂದ ಮೇಲೆ ಹೋಗುತ್ತದೆ" ಎಂದನು. ನಾವೆಲ್ಲರೂ ನಕ್ಕೆವು. ಅವನು ನಗಲಿಲ್ಲ.

ತೀರದಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್. ಅರ್ಧ ಘಂಟೆಯೊಳಗೆ ತೆಂಗಿನ ತಲೆಗಳು ಕಂಡುವು. ದೊಡ್ಡ ಬೋಟು ದಡಕ್ಕೆ ತಾಗಲಾರದ್ದರಿಂದ ನಮ್ಮನ್ನು ಸಣ್ಣ ದೋಣಿಗೆ ಇಳಿಸಿ ಕರೆದೊಯ್ದರು. ಹೊರಗಿನವರು ಇದನ್ನು ಸೇಂಟ್ ಮೇರೀಸ್ ದ್ವೀಪವೆನ್ನುವರು. ಊರಿನವರಿಗೆ ಇದು ತೋನ್ಸೆಪಾರ್. 1498ರಲ್ಲಿ ಭಾರತಕ್ಕೆ ಬಂದ ವಾಸ್ಕೊ ಡ ಗಾಮನು ಇಲ್ಲಿ ಇಳಿದು ಸಾಂತಾ ಮರಿಯಾ ಎಂಬ ಹೆಸರಿನ ಕಂಬವನ್ನು ನೆಟ್ಟನೆಂದೂ, ಅದರಿಂದ ಈ ಹೆಸರು ಬಂತೆಂದೂ ಹೇಳುವುದು ವಾಡಿಕೆಯಾಗಿದೆ. ಅವನು ನೆಟ್ಟ ಕಂಬ ಈಗ ಇಲ್ಲ. ಆದರೆ ಯಾರೂ ನೆಡದ ಕಂಬಗಳು ಸಾವಿರಾರು ನಿಂತಿವೆ, ಮತ್ತು ನೋಡತಕ್ಕದ್ದು ಅವುಗಳನ್ನೇ.

ಈ ಕಂಬಗಳ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಿದರೆ ವಾಚಕರು ಕ್ಷಮಿಸಬೇಕು. ಭೂಗೋಳದ ಪಾಠದಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಈಗ ಆಫ್ರಿಕಾದ ಮಗ್ಗುಲಲ್ಲಿರುವ ಮಡಗಾಸ್ಕರವು ನಮ್ಮ ನಾಡಿಗೆ ಅಂಟಿಕೊಂಡಿತ್ತು. ಭೂಮಿಯ ಮೈ ಬಿರಿದು ಆ ಎರಡು ನೆಲಗಳು ಬೇರೆಯಾಗುವ ಕಾಲದಲ್ಲಿ ಒಳಗಿಂದ ಕರಗಿದ ಕಲ್ಲು ಉಕ್ಕಿ ಹರಿಯಿತು. ಹಾಗೆ ಹರಿದದ್ದು ಆರುತ್ತ ಬಂದಂತೆ ಕುಗ್ಗಿತು. ಕೆರೆಯ ಕೆಸರು ಬೇಸಗೆಯಲ್ಲಿ ಒಣಗಿ ಬಿರುಕು ಬಿಡುವಂತೆ ಬಿರುಕು ಬಿಟ್ಟಿತು. ಬಿರುಕುಗಳು ಮೇಲಿನಿಂದ ಕೆಳಗೆ ಇಳಿಯುತ್ತ ಹೋದುದರಿಂದ ಐದು, ಆರು, ಏಳು ಮೂಲೆಗಳ ಕಲ್ಲಿನ ಕಂಬಗಳಾದುವು. ಜೇನುಹುಟ್ಟನ್ನು ಕಲ್ಲಿನಲ್ಲಿ ಎರಕ ಹೊಯ್ದು ಕಡಲಿನಲ್ಲಿ ನಿಲ್ಲಿಸಿದರೆ ಹೇಗಿದ್ದೀತೋ ಹಾಗಿದೆ. ಕೆಲವು ಕಂಬಗಳು ಆಳೆತ್ತರಕ್ಕೂ ಮಿಗಿಲು. ಕೆಲವು ಮೊಣಕಾಲಿನಷ್ಟೇ ಇದ್ದು, ಮೆಟ್ಟಲಿನಂತೆ ನೀರಿಗಿಳಿಯುತ್ತವೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯು ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಂತೆ ಇದನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಎಣಿಸಿದೆ. ಆ ಬಂಡೆಯ ಮೇಲೆ ದಿನವೂ ವಾಯುಸೇವನೆಗೆ ಹತ್ತುವ ನಮ್ಮ ನಾದಿನಿಯವರಿಗೆ ಇದನ್ನು ಹೇಳಿದಾಗ, "ಅತ್ತಿಗೆ, ಹಾಗಾದರೆ ನಮ್ಮದೂ ನಿಮ್ಮದೂ ಒಂದೇ ಪಟ್ಟಿಯಲ್ಲಿದೆ" ಎಂದು ಸಂತೋಷಪಟ್ಟರು.

ಇಲ್ಲಿ ಮರಳು ಬಹಳ ಕಡಮೆ. ದಡದಲ್ಲೆಲ್ಲ ಕಡಲು ಒಡೆದು ಹಾಕಿದ ಚಿಪ್ಪುಗಳು. ಬರಿಗಾಲಿನಲ್ಲಿ ನಡೆದವರಿಗೆ ಅದು ತಿಳಿಯದೆ ಇರದು. ತೆಂಗಿನ ನೆರಳಿನಲ್ಲಿ ಜಮಖಾನೆ ಹಾಸಿ ಊಟ ಮಾಡಿದೆವು. ಊಟವು ಚೆನ್ನಾಗಿಯೇ ಇತ್ತೆಂದು ಗಂಡಸರು ಹೇಳಿದರು. ನಮ್ಮ ಮಗ್ಗುಲಲ್ಲಿ ಊಟ ಮುಗಿಸಿದ ಒಂದು ಸಂಸಾರವು ಪ್ಲಾಸ್ಟಿಕ್ಕಿನ ತಟ್ಟೆಗಳನ್ನು ಎಂಟು ಕೋಟಿ ವರ್ಷಗಳ ಕಲ್ಲಿನ ಸಂದಿಗೆ ತುರುಕಿ ಎದ್ದುಹೋಯಿತು. ಹಿರಿಮಗಳು ಅವುಗಳನ್ನು ಹೆಕ್ಕಿ ನಮ್ಮ ಚೀಲಕ್ಕೆ ಹಾಕಿದಳು. ಅದಕ್ಕಿಂತ ಹೆಚ್ಚು ಹೇಳಲು ಆ ವಿಷಯದಲ್ಲಿ ಏನೂ ಇಲ್ಲ.

ಊಟದ ಮೇಲೆ ಯಜಮಾನರೂ ಮೈದುನನೂ ಹುಡುಗನನ್ನು ಕರೆದುಕೊಂಡು ದ್ವೀಪದ ಇನ್ನೊಂದು ತುದಿಗೆ ನಡೆದರು. ನಾವು ಐವರು ಹೆಂಗಸರು ಕಿರಿಮಗಳೊಂದಿಗೆ ಕಂಬಗಳ ಬಳಿ ನಿಂತಿದ್ದೆವು. ಆ ಹೊತ್ತಿಗೆ ನೀರು ಏರುತ್ತಿತ್ತೆಂಬುದನ್ನು ನಾವು ಗಮನಿಸಿರಲಿಲ್ಲ. ಮಗುವಿನ ಒಂದು ಚಪ್ಪಲಿ ಕಾಲಿನಿಂದ ಜಾರಿ ಎರಡು ಬಂಡೆಗಳ ನಡುವಣ ನೀರಿಗೆ ಬಿತ್ತು. ಮೊಣಕಾಲುದ್ದ ನೀರೆಂದು ಕಂಡದ್ದರಿಂದ ಅವಳು ಅದನ್ನು ಎತ್ತಿಕೊಳ್ಳಲು ಒಂದು ಮೆಟ್ಟಲು ಇಳಿದಳು. ಕಲ್ಲಿನ ಮೇಲೆ ಹಸುರು ಪಾಚಿ. ಕಾಲು ಜಾರಿತು, ನೀರು ಎದೆಯವರೆಗೆ ಬಂತು, ಹಿಂದಕ್ಕೆ ಸರಿದ ತೆರೆಯು ಅವಳನ್ನು ತನ್ನೊಡನೆ ಎರಡು ಗಜ ಎಳೆದುಕೊಂಡಿತು.

ಅವಳು ಕೂಗಲಿಲ್ಲ. ಇದನ್ನು ವಾಚಕರು ಮರೆಯಬಾರದು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವರೆಂದು ನಾವೆಲ್ಲರೂ ತಿಳಿದಿದ್ದೇವೆ. ನಿಜವಾಗಿ ಅವರ ಬಾಯಿ ನೀರಿನ ಮೇಲಿರುವ ಕ್ಷಣವು ಉಸಿರೆಳೆಯುವುದಕ್ಕೇ ಸಾಲದು, ಕೂಗಲು ಉಸಿರೆಲ್ಲಿಯದು? ಕೈಗಳು ನೀರನ್ನು ಕೆಳಕ್ಕೊತ್ತುವುದರಲ್ಲಿ ತೊಡಗಿರುತ್ತವೆ, ಬೀಸಲು ಬಿಡುವಿಲ್ಲ. ಮಗು ಆಡುತ್ತಿದೆಯೆಂದೇ ಓರಗಿತ್ತಿಯವರು ಎಣಿಸಿದ್ದರಂತೆ. ನಾವು ಅವಳ ಕಣ್ಣುಗಳನ್ನು ಕಂಡೆವು, ಆಟವಲ್ಲವೆಂದು ತಿಳಿಯಿತು. ಐದು ಮಂದಿ ಹೆಂಗಸರು, ಅವರಲ್ಲಿ ನಾಲ್ವರು ಇದೇ ಕಡಲ ತೀರದಲ್ಲಿ ಹುಟ್ಟಿ ಇದರ ಮೊರೆತವನ್ನು ಕೇಳುತ್ತಲೇ ಬೆಳೆದವರು, ಇಬ್ಬರು ಪದವೀಧರೆಯರು, ಒಬ್ಬರು ಮೂವತ್ತು ವರ್ಷ ಅಧ್ಯಾಪಕಿಯಾಗಿ ನಿವೃತ್ತರಾದವರು. ನಮ್ಮಲ್ಲಿ ಒಬ್ಬಳಿಗಾದರೂ ಎದೆಯುದ್ದದ ನೀರಿನಲ್ಲಿ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ನಾವು ನೀರಿಗಿಳಿಯಹೋದೆವು, ಹಿರಿಮಗಳು ಸೆರಗನ್ನು ಹಿಡಿದು ಎಳೆದಳು. ಅವಳು ಎಳೆದದ್ದು ಸರಿಯೆಂದು ಈಗ ತಿಳಿಯುತ್ತದೆ, ಯಾಕೆಂದರೆ ನಾವು ಇಳಿದಿದ್ದರೆ ಬೋಟಿನ ಹುಡುಗನು ಒಬ್ಬರ ಬದಲಿಗೆ ಇಬ್ಬರನ್ನು ಎತ್ತಬೇಕಾಗುತ್ತಿತ್ತು.

ಹೌದು, ಅದೇ ಹುಡುಗ. ಸಣ್ಣ ದೋಣಿಯ ಬಳಿ ಇದ್ದವನು ಎಲ್ಲಿಂದ ಕಂಡನೋ, ಉದ್ದನೆಯ ಬಿದಿರಿನ ಗಳುವನ್ನು ಹಿಡಿದು ಓಡಿಬಂದನು. ನೀರಿಗೆ ಹಾರಲಿಲ್ಲ. ಬಂಡೆಯ ಮೇಲೆ ಹೊಟ್ಟೆಯೂರಿ ಮಲಗಿ, ಗಳುವನ್ನು ಅವಳ ಕೈಗೆ ತಾಗುವಂತೆ ಚಾಚಿ, "ಹಿಡ್ಕೊ ಮಗಾ, ಗಟ್ಟಿ ಹಿಡ್ಕೊ" ಎಂದನು. ಮುಂದಿನ ತೆರೆ ಅವಳನ್ನು ದಡದ ಕಡೆಗೆ ತಂದಾಗ ಎಳೆದುಕೊಂಡನು. ಎಲ್ಲವೂ ಸೇರಿ ಒಂದು ನಿಮಿಷವೂ ಆಗಿರಲಾರದು. ಮೊಣಕಾಲುಗಳು ಕಲ್ಲಿಗಂಟಿದ ಚಿಪ್ಪುಗಳಿಗೆ ಉಜ್ಜಿ ರಕ್ತ ಬಂದದ್ದಲ್ಲದೆ ಬೇರೆ ಹಾನಿಯಿಲ್ಲ. ಗಂಡಸರು ಮರಳಿದಾಗ ಮಗು ಟವಲು ಹೊದ್ದು ಚಕ್ಕುಲಿ ತಿನ್ನುತ್ತಿತ್ತು. ನಾವು ಐವರು ಮಾತಿಲ್ಲದೆ ಕುಳಿತಿದ್ದೆವು. ಮರಳುವಾಗ ಬೋಟಿನಲ್ಲಿ ಅತ್ತೆಯವರು ಜಾಕೆಟ್ಟಿನ ಮೂರು ಪಟ್ಟಿಗಳನ್ನೂ ತಾವಾಗಿಯೇ ಬಿಗಿದುಕೊಂಡರು. ವಾಸನೆಯ ಮಾತೆತ್ತಲಿಲ್ಲ.

ಇಷ್ಟಾದ ಮೇಲೆ ಮನೆಯಲ್ಲಿ ನಡೆದ ಚರ್ಚೆಯೇ ಈ ಲೇಖನಕ್ಕೆ ಕಾರಣ. ನೆರೆಯವರೂ ಬಂಧುಗಳೂ ಬಂದು ಕೇಳಿ, ಒಮ್ಮತದಿಂದ ಒಂದು ತೀರ್ಪನ್ನು ಕೊಟ್ಟರು: ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ದ್ವೀಪಕ್ಕೆ ಹೋಗಬಾರದಾಗಿತ್ತು. ಗಂಡುಮಗುವೇ ಬಿದ್ದಿದ್ದರೆ ಏನು ತೀರ್ಪು ಬರುತ್ತಿತ್ತೆಂಬುದನ್ನೂ ನಾವು ಬಲ್ಲೆವು. ಅವನಿಗೆ ಈಜು ಕಲಿಸಬೇಕೆನ್ನುತ್ತಿದ್ದರು. ಒಂದೇ ನೀರು, ಒಂದೇ ಪಾಚಿ; ಹುಡುಗನಿಗೆ ವಿದ್ಯೆ, ಹುಡುಗಿಗೆ ಬಾಗಿಲು. ನಾದಿನಿಯ ಮಗನು ಏಳನೆಯ ವರ್ಷದಲ್ಲೇ ಊರಿನ ಕೆರೆಯಲ್ಲಿ ಮಾವಂದಿರ ಕೈಯಿಂದ ಈಜು ಕಲಿತನು. ನಡುವಿಗೆ ಒಣಗಿದ ತೆಂಗಿನಕಾಯಿಗಳ ಜೋಡಿಯನ್ನು ಕಟ್ಟಿ ನೀರಿಗೆ ಬಿಟ್ಟಿದ್ದರು. ಅದೇ ಬೇಸಗೆಯಲ್ಲಿ ನಮ್ಮ ಹಿರಿಮಗಳು ಅದೇ ಕೆರೆಯ ಕಟ್ಟೆಯ ಮೇಲೆ ಅವನ ಅಂಗಿಯನ್ನು ಕಾಯುತ್ತ ಕುಳಿತಿದ್ದಳು. ಅಂದು ಅದು ನಮಗೆ ವಿಚಿತ್ರವಾಗಿ ತೋರಲಿಲ್ಲ. ಇಂದು ತೋರುತ್ತದೆ.

ಹೆಂಗಸರಿಗಿಂತ ಗಂಡಸರೇ ಹೆಚ್ಚಾಗಿ ನೀರಿನಲ್ಲಿ ಸಾಯುತ್ತಾರಲ್ಲ, ಹಾಗಿರುವಾಗ ಹುಡುಗಿಯರಿಗೆ ಈಜೇಕೆಂದು ನಮ್ಮ ಮೈದುನನು ಕೇಳಿದನು. ಮಾತು ಸುಳ್ಳಲ್ಲ. ಲೋಕದಲ್ಲಿ ಗಂಡಸರು ಹೆಂಗಸರಿಗಿಂತ ಹೆಚ್ಚುಕಡಮೆ ಎರಡರಷ್ಟು ಪ್ರಮಾಣದಲ್ಲಿ ಮುಳುಗಿ ಸಾಯುವರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕ ಕೊಟ್ಟಿದ್ದಾರೆ. 2021ರಲ್ಲಿ ಹೀಗೆ ಸತ್ತವರು ಸುಮಾರು 3 ಲಕ್ಷ ಮಂದಿ; 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಇದು ಮೂರನೆಯದು. ಆದರೆ ಹೆಂಗಸರ ಸಂಖ್ಯೆ ಕಡಮೆಯಾಗಿರುವುದು ಅವರಿಗೆ ನೀರು ಗೊತ್ತಿರುವುದರಿಂದಲ್ಲ, ಅವರನ್ನು ನೀರಿನಿಂದ ದೂರವಿರಿಸಿರುವುದರಿಂದ. ಹಿಂದೆ ಮನೆಯಲ್ಲಿ ಕುಳಿತವಳನ್ನು ಇಂದು ದೋಣಿ ಹತ್ತಿಸುತ್ತಿದ್ದೇವೆ, ಕಾಲೇಜಿನ ಪ್ರವಾಸಕ್ಕೆ ಕಳುಹಿಸುತ್ತಿದ್ದೇವೆ, ಮದುವೆಯಾದೊಡನೆ ಗಂಡನೊಡನೆ ಕಡಲತೀರಕ್ಕೆ ಅಟ್ಟುತ್ತೇವೆ. ನೀರಿನ ಬಳಿಗೆ ಹೋಗುವ ಸ್ವಾತಂತ್ರ್ಯವನ್ನು ಕೊಟ್ಟೆವು. ನೀರಿನ ವಿದ್ಯೆಯನ್ನು ಕೊಡಲಿಲ್ಲ. ಅರ್ಧ ಕೊಟ್ಟ ಈ ಸ್ವಾತಂತ್ರ್ಯವು ಏನೂ ಕೊಡದಿರುವುದಕ್ಕಿಂತ ಅಪಾಯಕರವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಾವು ಹೆದರಿದ ತಾಯಿಯ ಬಾಯಿಯಿಂದ ಮಾತ್ರ ಮಾತಾಡುತ್ತಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಗೆ ಸಂಸಾರ ಸಮೇತರಾಗಿ ಹೋಗಿ ಮರಳುತ್ತಿದ್ದವರ ದೋಣಿಯು ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿದ್ದ ವಿಹಾರದ ದೋಣಿಯೊಂದು ಮುಳುಗಿ 22 ಮಂದಿ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳು. 2024ರ ಜನವರಿ 18ರಂದು ಗುಜರಾತದ ವಡೋದರೆಯ ಕೆರೆಯಲ್ಲಿ ಶಾಲೆಯ ವಿಹಾರಕ್ಕೆ ಬಂದ 12 ಮಕ್ಕಳೂ ಇಬ್ಬರು ಅಧ್ಯಾಪಕಿಯರೂ ಮುಳುಗಿದರು. ಇವುಗಳಲ್ಲಿ ಯಾವುದೂ ಬಿರುಗಾಳಿಯಲ್ಲಿ ಸಾಗರದ ನಡುವೆ ನಡೆದುದಲ್ಲ. ಎಲ್ಲವೂ ರಜೆಯ ದಿನದ, ಬುತ್ತಿ ಕಟ್ಟಿಕೊಂಡು ಹೋದವರ ಕಥೆಗಳು. ದೋಣಿಗೆ ಎಷ್ಟು ಜನರನ್ನು ಹತ್ತಿಸಬೇಕೆಂಬುದು ದೋಣಿಯವರದೂ ಸರಕಾರದ್ದೂ ಹೊಣೆ, ಅದರಲ್ಲಿ ಸಂಶಯವಿಲ್ಲ. ಆದರೆ ಕೊಟ್ಟ ಜಾಕೆಟ್ಟಿನ ಪಟ್ಟಿಯನ್ನು ಬಿಗಿಯುವುದು ಯಾವ ಸರಕಾರದ ಹೊಣೆ?

ಜಪಾನ್ ದೇಶದಲ್ಲಿ 1955ರ ಮೇ 11ರಂದು ಶಿಉನ್ ಮಾರು ಎಂಬ ಹಡಗು ಮಂಜಿನಲ್ಲಿ ಇನ್ನೊಂದು ಹಡಗಿಗೆ ತಾಗಿ ಮುಳುಗಿತು. ಸತ್ತ 168 ಮಂದಿಯಲ್ಲಿ ನೂರು ಮಂದಿ ಶಾಲೆಯ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು, ಅವರಲ್ಲಿ ಹೆಚ್ಚಿನವರು ಹುಡುಗಿಯರು. ಅದೇ ವರ್ಷ ಜುಲೈ 28ರಂದು ತ್ಸು ಎಂಬ ಪಟ್ಟಣದ ಕಡಲತೀರದಲ್ಲಿ ಈಜಿನ ಪಾಠಕ್ಕೆಂದೇ ನೀರಿಗಿಳಿದಿದ್ದ ಒಂದು ಶಾಲೆಯ 36 ಹುಡುಗಿಯರು ಪ್ರವಾಹಕ್ಕೆ ಸಿಕ್ಕಿ ಮಡಿದರು. ಎರಡೂ ಸುದ್ದಿಗಳನ್ನು ಓದಿದಾಗ ನಮಗೆ ನಮ್ಮ ಶಾಲೆಯ ಅಸೆಂಬ್ಲಿಯ ಸಾಲುಗಳೇ ಕಣ್ಣಮುಂದೆ ಬಂದುವು. ಆ ದೇಶದವರು ಇದರಿಂದ ಹುಡುಗಿಯರನ್ನು ಮನೆಯಲ್ಲಿರಿಸಬೇಕೆಂಬ ಪಾಠವನ್ನು ಕಲಿಯಲಿಲ್ಲ. ಕಡಲಿನಲ್ಲಿ ಮೊದಲ ಪಾಠ ಸಲ್ಲದೆಂದು ಕಂಡುಕೊಂಡು, ಮುಂದಿನ ವರ್ಷಗಳಲ್ಲಿ ಶಾಲೆಶಾಲೆಯಲ್ಲಿಯೂ ಈಜುಕೊಳಗಳನ್ನು ಕಟ್ಟಿ, ಗಂಡುಹೆಣ್ಣೆನ್ನದೆ ಮಕ್ಕಳಿಗೆ ಈಜನ್ನು ಪಾಠವಾಗಿ ಕಲಿಸತೊಡಗಿದರು. ನಮ್ಮ ದೇಶದಲ್ಲಿಯೂ ಕಲ್ಕತ್ತೆಯ ಆರತಿ ಸಾಹಾ ಎಂಬವರು 1959ರ ಸೆಪ್ಟೆಂಬರ್ 29ರಂದು, 19 ವರ್ಷದವರಾಗಿರುವಾಗ, ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ಏಷ್ಯಾ ಖಂಡದ ಹೆಂಗಸರಲ್ಲಿ ಇವರೇ ಮೊದಲಿಗರು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ನಿಶಾ ಮಿಲ್ಲೆಟ್ ಈಜಿದರು. ನಮ್ಮ ಮಕ್ಕಳು ಕಾಲುವೆಯನ್ನು ದಾಟಬೇಕೆಂದು ನಾವು ಕೇಳುವುದಿಲ್ಲ. ಎರಡು ಬಂಡೆಗಳ ನಡುವಿನಿಂದ ದಾಟಿ ಬಂದರೆ ಸಾಕು.

ಇನ್ನು ಆಕ್ಷೇಪಣೆಗಳು. ಬಿಸಿಲಿಗೆ ಹುಡುಗಿ ಕಪ್ಪಾಗುವಳೆಂಬುದು ಮೊದಲನೆಯದು. ಆಗುವಳು, ಮಳೆಗಾಲದಲ್ಲಿ ಬಣ್ಣ ಮರಳುವುದು, ಮುಳುಗಿದವಳು ಮರಳುವುದಿಲ್ಲ. ಕೂದಲು ಕೆಡುವುದೆಂಬುದಕ್ಕೆ ರಬ್ಬರಿನ ಟೊಪ್ಪಿಯೂ ಒಂದು ಚಮಚ ತೆಂಗಿನೆಣ್ಣೆಯೂ ಉತ್ತರ ಹೇಳುವುವು. ತಿಂಗಳ ದಿನಗಳ ಮಾತನ್ನು ಪಿಸುದನಿಯಲ್ಲಿ ಎತ್ತುವ ತಾಯಂದಿರಿಗೆ ನಾವು ಗಟ್ಟಿಯಾಗಿಯೇ ಹೇಳುವುದೇನೆಂದರೆ, ಅವು ನಾಲ್ಕು ದಿನಗಳ ವಿರಾಮಕ್ಕೆ ಕಾರಣವಾಗಬಹುದು, ಜೀವಮಾನದ ವಿರಾಮಕ್ಕಲ್ಲ. ಉಡುಪಿನ ಸಂಕೋಚವು ಇವುಗಳಿಗಿಂತ ಗಂಭೀರವಾದದ್ದು, ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಕೈಕಾಲುಗಳನ್ನು ಪೂರ್ತಿ ಮುಚ್ಚುವ ಈಜಿನ ಉಡುಪುಗಳು ಈಗ ಪೇಟೆಯಲ್ಲಿ ದೊರೆಯುತ್ತವೆ; ಹೆಂಗಸರಿಗೆ ಪ್ರತ್ಯೇಕ ಹೊತ್ತನ್ನೂ ಕಲಿಸಲು ಅಧ್ಯಾಪಕಿಯನ್ನೂ ಕೊಡಬೇಕೆಂದು ಈಜುಕೊಳಗಳವರನ್ನು ತಾಯಂದಿರು ಒಗ್ಗಟ್ಟಾಗಿ ಕೇಳಿದರೆ ಕೊಡದಿರುವುದು ಅವರಿಗೆ ಕಷ್ಟ. ಹುಡುಗಿಯರಿಗೆ ಡ್ರಿಲ್ಲೂ ಚೆಂಡಾಟವೂ ತಕ್ಕುದಲ್ಲವೆಂದು ನಮ್ಮ ಅಜ್ಜಿಯರ ಕಾಲದಲ್ಲಿ ಹೇಳುತ್ತಿದ್ದರು. ಈಗ ಕ್ರೀಡಾದಿನದಂದು ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವವರು ಆ ಅಜ್ಜಿಯರ ಮೊಮ್ಮಕ್ಕಳೇ.

ಕಠಿಣವಾದ ಆಕ್ಷೇಪಣೆಯು ಅತ್ತೆಯವರದು. ಈಜು ಬಲ್ಲವರೇ ಹೆಚ್ಚು ಮುಳುಗುವರು, ಬಾರದವರು ಹೆದರಿ ದಡದಲ್ಲಿರುವರೆಂದು ಅವರು ಹೇಳಿದರು. ಇದಕ್ಕೆ ನಾವು ಕೂಡಲೆ ಉತ್ತರ ಕೊಡಲಾರದೆ ಹೋದೆವು. ಯೋಚಿಸಿದಷ್ಟೂ ಅದರಲ್ಲಿ ತಥ್ಯವಿದೆಯೆಂದು ಕಂಡಿತು. ಕೆರೆಯಲ್ಲಿ ನಾಲ್ಕು ಸುತ್ತು ಈಜಿದ ಹುಡುಗನು ಕಡಲನ್ನೂ ಕೆರೆಯೆಂದೇ ಭಾವಿಸುವನು. ಕಡಲಿಗೆ ಸೆಳೆತವುಂಟು, ದಡದಿಂದ ಹಿಂದಕ್ಕೆ ಹರಿಯುವ ಆ ಸೆಳೆತಕ್ಕೆ ಎದುರಾಗಿ ಈಜಿದವನು ಎಷ್ಟು ಬಲಶಾಲಿಯಾದರೂ ಸೋಲುವನು, ದಡಕ್ಕೆ ಸಮಾನಾಂತರವಾಗಿ ಮಗ್ಗುಲಿಗೆ ಈಜಿ ಅದರ ಹೊರಗೆ ಬರಬೇಕು, ಇಲ್ಲವೆ ಶಕ್ತಿ ವ್ಯಯಮಾಡದೆ ಅಂಗಾತ ತೇಲಿಕೊಂಡಿದ್ದು ಸಹಾಯಕ್ಕೆ ಕಾಯಬೇಕು. ಆದುದರಿಂದ ಈಜಿನೊಡನೆ ಕಡಲಿನ ಮರ್ಯಾದೆಯನ್ನೂ ಕಲಿಸತಕ್ಕದ್ದು. ಬಲ್ಲೆನೆಂಬ ಗರ್ವವು ಕೊಲ್ಲುವುದಾದರೆ ಗರ್ವವನ್ನು ತೆಗೆಯಬೇಕೇ ಹೊರತು ಬಲ್ಲದ್ದನ್ನಲ್ಲ. ಅಲ್ಲದೆ, ನಮ್ಮ ಮಗುವು ಈಜಲು ಇಳಿಯಲಿಲ್ಲ. ಹೆದರಿ ದಡದಲ್ಲಿಯೇ ಇದ್ದಳು. ದಡವೇ ಅವಳನ್ನು ಜಾರಿಸಿತು. ಇದನ್ನು ಹೇಳಿದಾಗ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಹೌದು" ಎಂದರು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಗಳಲ್ಲಿ ಈ ಮಾತನ್ನು ನಾವು ಕೇಳಿದ್ದು ಇದು ಎರಡನೆಯ ಸಲ.

ಕಲಿಯಲು ವಯಸ್ಸು ಮೀರಿದವರೂ ಸಹ ಮಾಡಬಹುದಾದದ್ದು ಉಂಟು, ಅದನ್ನು ಬೋಟಿನ ಹುಡುಗನಿಂದ ಕಲಿತೆವು. ನೀರಿಗೆ ಹಾರಬಾರದು. ಮುಳುಗುವವರು ಹತ್ತಿರ ಬಂದವರನ್ನು ಅಪ್ಪಿ ಕೆಳಗೆಳೆಯುವರು, ಅವರು ತಾಯಿಯಾದರೂ ಸರಿಯೇ. ದಡದಲ್ಲಿ ಮಲಗಿ ಗಳುವನ್ನೋ ಹಗ್ಗವನ್ನೋ ಚಾಚಬೇಕು; ಏನೂ ಇಲ್ಲದಿದ್ದರೆ ಆರು ಗಜದ ಸೀರೆಯ ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದನ್ನು ಎಸೆಯಬಹುದು, ಆಗ ಮಾನದ ಯೋಚನೆ ಸಲ್ಲದು. ಮುಚ್ಚಳ ಹಾಕಿದ ಖಾಲಿ ಕ್ಯಾನು ತೇಲುತ್ತದೆ, ಅದನ್ನೂ ಎಸೆಯಬಹುದು. ನಮ್ಮ ಕಾಲ ಬಳಿಯಲ್ಲೇ ಆ ದಿನ ಅಂಥದೊಂದು ಖಾಲಿ ನೀರಿನ ಕ್ಯಾನು ಬಿದ್ದಿತ್ತು. ಅದು ನೆನಪಾದಾಗಲೆಲ್ಲ ನಿದ್ರೆ ಬಾರದು. ಸೀರೆಯುಟ್ಟು ನೀರಿಗೆ ಬಿದ್ದವಳ ನೆರಿಗೆಗಳು ಕಾಲುಗಳನ್ನು ಸುತ್ತಿ ಹಿಡಿಯುವುದರಿಂದ ದೋಣಿ ಹತ್ತುವ ದಿನಕ್ಕೆ ಚೂಡಿದಾರವೇ ಮೇಲು. ಮಕ್ಕಳಿಗೆ ಮಕ್ಕಳ ಅಳತೆಯ ಜಾಕೆಟ್ಟನ್ನೇ ಕೇಳಿ ಪಡೆಯಬೇಕು, ದೊಡ್ಡವರದರಲ್ಲಿ ಅವರು ನುಸುಳಿ ಹೋಗುವರು. ಇಲ್ಲವೆಂದರೆ ಆ ದೋಣಿಯನ್ನೇ ಬಿಟ್ಟುಬಿಡತಕ್ಕದ್ದು, ಎಷ್ಟು ದೂರದಿಂದ ಬಂದಿದ್ದರೂ.

ನಮ್ಮಂಥ ಶಾಲೆಗಳ ವಿಷಯದಲ್ಲಿಯೂ ಒಂದು ಮಾತು. ಪ್ರತಿಯೊಂದು ಶಾಲೆಯೂ ಕೊಳವನ್ನು ಕಟ್ಟಬೇಕೆಂದು ನಾವು ಹೇಳಲಾರೆವು. ಅದರ ಖರ್ಚೂ ನೀರಿನ ಕೊರತೆಯೂ ನಮಗೆ ತಿಳಿದಿವೆ. ಆದರೆ ಉಡುಪಿಯ ಅಜ್ಜರಕಾಡಿನಲ್ಲಿ ಈಜುಕೊಳವಿದೆ, ಮಂಗಳೂರಿನ ಲೇಡಿಹಿಲ್ಲಿನ ಬಳಿ ಇದೆ. ಎಂಟನೆಯ ತರಗತಿಯ ಹುಡುಗಿಯರನ್ನು ವಾರಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುವ ಬಸ್ಸಿನ ಖರ್ಚನ್ನು ಹಳೆವಿದ್ಯಾರ್ಥಿನಿಯರ ಸಂಘವು ವಹಿಸಬಾರದೇಕೆ? ಸಭಾಭವನಕ್ಕೆ ಹೊಸ ಪರದೆಗಳನ್ನು ಕೊಡುವುದು ಸುಲಭ. ಕೊಟ್ಟವರ ಹೆಸರೂ ಪರದೆಯ ಮೇಲೆ ಉಳಿಯುತ್ತದೆ. ಹುಡುಗಿಯೊಬ್ಬಳು ಮುಳುಗದೆ ಉಳಿದದ್ದರ ಮೇಲೆ ಯಾರ ಹೆಸರನ್ನೂ ಕೆತ್ತಲು ಬರುವುದಿಲ್ಲ, ಆ ತೊಂದರೆಯಿದೆ.

ನಮ್ಮ ಮನೆಯ ಸುದ್ದಿಯನ್ನು ಹೇಳಿ ಮುಗಿಸುತ್ತೇವೆ. ಕಿರಿಮಗಳು ಮೊದಲ ಎರಡು ವಾರ ನೀರಿಗೆ ಮುಖ ತಾಗಿಸಲು ಒಪ್ಪಲಿಲ್ಲ. ಅಧ್ಯಾಪಕಿಯು ಒತ್ತಾಯ ಮಾಡದೆ ಮೆಟ್ಟಲ ಮೇಲೆ ಕುಳ್ಳಿರಿಸಿ ನೀರಿನೊಳಗೆ ಗುಳ್ಳೆ ಬಿಡುವುದನ್ನು ಮಾತ್ರ ಹೇಳಿಕೊಟ್ಟಳು. ಈಗ ಅವಳು ಕೊಳದ ಅಗಲವನ್ನು ದಾಟುತ್ತಾಳೆ. ಹಿರಿಮಗಳು ಅವಳಿಗಿಂತ ಮುಂದೆ ಇದ್ದಾಳೆ. ನಲವತ್ತಾರನೆಯ ವಯಸ್ಸಿನಲ್ಲಿ ನಾವೂ ಮಕ್ಕಳ ಕಡೆಯ ತುದಿಯಲ್ಲಿ, ಸೊಂಟದುದ್ದ ನೀರಿನಲ್ಲಿ, ಕಬ್ಬಿಣದ ಸರಳನ್ನು ಹಿಡಿದು ಕಾಲು ಬಡಿಯುತ್ತಿದ್ದೇವೆ. ಅಂಗಾತ ತೇಲುವುದು ಹನ್ನೆರಡರ ಎಣಿಕೆಯವರೆಗೆ ಬರುತ್ತದೆ. ಆರು ವರ್ಷದ ಹುಡುಗಿಯೊಬ್ಬಳು ಮಗ್ಗುಲಿನಿಂದ ಹಾದುಹೋಗುತ್ತ, "ಆಂಟಿ, ಹೊಟ್ಟೆ ಮೇಲೆ ಮಾಡಿ" ಎಂದು ಬುದ್ಧಿ ಹೇಳಿದಳು. ಹಾಗೆ ಮಾಡಿದೆವು, ತೇಲಿದೆವು.

ಮಳೆ ಹಿಡಿದರೆ ದ್ವೀಪದ ಬೋಟುಗಳು ನಿಲ್ಲುತ್ತವೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಒಂಬತ್ತು ಮಂದಿಯೂ ಮತ್ತೆ ತೋನ್ಸೆಪಾರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಉಳಿದ ಒಂದು ಚಪ್ಪಲಿಯನ್ನು ಕಿರಿಮಗಳು ಎಸೆಯಗೊಡದೆ ಜಗಲಿಯ ಮೂಲೆಯಲ್ಲಿರಿಸಿದ್ದಾಳೆ. ಬುತ್ತಿಯ ವಿಷಯವಾಗಿ ಅತ್ತೆಯವರು, ಈ ಸಲ ಬ್ರೆಡ್ಡೂ ಬಾಳೆಹಣ್ಣೂ ಸಾಕು, ಅದನ್ನು ಗಂಡಸರೇ ಹೊತ್ತು ತರಲಿ ಎಂದು ಅಪ್ಪಣೆ ಮಾಡಿದ್ದಾರೆ.